ಗಂಜಿನ ಹತ್ತಿ, ಮೂರು ನಿಮಿಷದ ವರದಿ

ಪತ್ರಿಕೋದ್ಯಮ ಎಂ.ಎ. ಓದುವವರ ಕೈಯಲ್ಲಿ ಎರಡನೇ ವರ್ಷದ ಹೊತ್ತಿಗೆ ಪ್ರಮಾಣಪತ್ರಗಳ ಒಂದು ಕಟ್ಟೇ ಇರುತ್ತದೆ. ಕೆಲಸ ಕೊಡುವವರು ಅದನ್ನು ಬಿಚ್ಚಿ ನೋಡುವುದು ಅಪರೂಪ. "ನೀವೇ ಮಾಡಿದ್ದು ಒಂದು ತೋರಿಸಿ" ಅನ್ನುತ್ತಾರೆ, ಅಷ್ಟೆ. ಆ ಒಂದನ್ನು ಮಾಡಲು ರಾಯಚೂರಿನಲ್ಲಿ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಸುಗ್ಗಿಯ ಒಂದು ದಿನ ನಾಲ್ಕು ಮಂದಿ ವಿದ್ಯಾರ್ಥಿಗಳು ಒಂದು ಫೋನು, ಒಂದು ಕಾಲರ್ ಮೈಕು, ಒಂದು ಇಯರ್‌ಫೋನು ಹಿಡಿದು ಅಲ್ಲಿ ಹತ್ತಿ ಮಾರಾಟದ ವರದಿ ಮಾಡಿದ ಬಗೆ ಇದು.

ಹಿಂದಿನ ರಾತ್ರಿಯೇ ಲೆಕ್ಕ ಹಾಕಿಕೊಳ್ಳಬೇಕು. ಮೂರು ನಿಮಿಷ ಅಂದರೆ 180 ಸೆಕೆಂಡು. ಇಪ್ಪತ್ತು ಸೆಕೆಂಡಿನ ಮೂರು ಬೈಟ್‌ಗೆ, ಅಂದರೆ ಮಾತಾಡಿದವರ ದನಿಯ ತುಣುಕುಗಳಿಗೆ, 60 ಹೋಯಿತು. ಹಮಾಲರ ಕೂಗು, ಗಾಡಿ ಸದ್ದು ಇಂಥವಕ್ಕೆ 15. ಉಳಿದ 105 ಸೆಕೆಂಡು ಹಿನ್ನೆಲೆ ದನಿಗೆ. ಕನ್ನಡವನ್ನು ಅವಸರವಿಲ್ಲದೆ ಓದಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಪದ. ಹಾಗಾಗಿ ಬರೆಯಬೇಕಾದದ್ದು ಸುಮಾರು 175 ಪದ, ಒಂದು ಪುಟವೂ ಅಲ್ಲ. ಈ ಲೆಕ್ಕ ಇಲ್ಲದೆ ಹೋದವರು ಎರಡು ತಾಸು ರೆಕಾರ್ಡ್ ಮಾಡಿಕೊಂಡು ಬಂದು, ಅದನ್ನು ಕೇಳಿ ಮುಗಿಸುವುದರಲ್ಲೇ ಸುಸ್ತಾಗುತ್ತಾರೆ.

ಬೆಳಿಗ್ಗೆ ಮೊದಲು ಕೈಕೊಡುವುದು ಮೈಕು. ಅದರ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದು ಕ್ಯಾಮೆರಾಕ್ಕೆ, ಮೂರಿದ್ದರೆ ಫೋನಿಗೆ. ಎರಡು ಗೆರೆಯದನ್ನು ಫೋನಿಗೆ ಸಿಕ್ಕಿಸಿದರೆ ಫೋನು ಯಾವ ತಕರಾರೂ ಮಾಡುವುದಿಲ್ಲ. ಸುಮ್ಮನೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತ ಹೋಗುತ್ತದೆ. ಗೊತ್ತಾಗುವುದು ಸಂಜೆ, ರೈತನ ಮಾತಿಗಿಂತ ಪಕ್ಕದ ಟ್ರ್ಯಾಕ್ಟರ್ ಜೋರಾಗಿ ಕೇಳಿದಾಗ. ಇದನ್ನು ಪತ್ತೆ ಹಚ್ಚುವುದು ಸುಲಭ. ಮೈಕಿನ ತಲೆಯನ್ನು ಉಗುರಿನಿಂದ ಕೆರೆದು ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಕೇಳಿ. ಕರಕರ ಅಂದರೆ ಸರಿ, ಅನ್ನದಿದ್ದರೆ ಪಿನ್ನು ಬದಲಿಸಿ. ಜೊತೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಂದು ಕರೆ ಬಂದರೆ ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲಬಹುದು.

ಮೈಕು ಕಟ್ಟುವ ಜಾಗ ಗದ್ದದಿಂದ ಒಂದು ಗೇಣು ಕೆಳಗೆ. ನಮ್ಮ ಕಡೆ ಒಂದು ತೊಡಕಿದೆ, ಅದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ: ಹೆಗಲ ಮೇಲಿನ ಟವೆಲ್ಲು. ಯಜಮಾನರು ಕೈ ಎತ್ತಿ ಮಾತಾಡಿದಾಗೆಲ್ಲ ಅದು ಮೈಕಿಗೆ ಉಜ್ಜಿ ಬರಬರ ಸದ್ದು ಬರುತ್ತದೆ. ಟವೆಲ್ಲು ತೆಗೆಯಿರಿ ಅನ್ನುವುದು ಸರಿಯಲ್ಲ. "ಕಾಕಾ, ಟವೆಲ್ ಆ ಕಡಿ ಹೆಗಲಿಗಿ ಹಾಕ್ಕೊಂತೀರೇನ್ರಿ?" ಅಂದರೆ ನಕ್ಕು ಹಾಕಿಕೊಳ್ಳುತ್ತಾರೆ. ಸಂದರ್ಶನ ಮುಗಿದ ಮೇಲೆ ಅದೇ ಜಾಗದಲ್ಲಿ ಯಾರೂ ಮಾತಾಡದೆ 30 ಸೆಕೆಂಡು ಬರೀ ಗಂಜಿನ ಗದ್ದಲ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಅದನ್ನು ಅಡಿಗೆ ಹಾಸಿದರೆ ತುಂಡು ಮಾಡಿದ್ದು ಕಿವಿಗೆ ತಿಳಿಯುವುದಿಲ್ಲ.

ಇನ್ನು ಪ್ರಶ್ನೆ. "ರೇಟ್ ಬಗ್ಗೆ ಏನನ್ನಿಸ್ತದ ರೀ?" ಎಂದು ಕೇಳಿದರೆ "ಏನ್ ಅನ್ನಸ್ತದಪಾ, ರೈತರ ಹಣೆಬರಾನೇ ಇಷ್ಟು" ಅನ್ನುವ ಉತ್ತರ ಬರುತ್ತದೆ. ಅದು ಎಲ್ಲ ವರದಿಯಲ್ಲೂ ಇರುವ ಮಾತು. "ಎಷ್ಟು ಕ್ವಿಂಟಾಲ್ ತಂದೀರಿ? ಬಾಡಿಗಿ ಎಷ್ಟಾತು? ಬಿಡಿಸಾಕ ಕೂಲಿ ಏನ್ ಕೊಟ್ರಿ?" ಎಂದರೆ ಬರುವುದು ಲೆಕ್ಕ, ಲೆಕ್ಕದ ಹಿಂದೆಯೇ ಸಿಟ್ಟು. ಆ ಸಿಟ್ಟೇ ಒಳ್ಳೆಯ ಬೈಟ್. ಅವರ "ಐತಿ", "ಹೋತು" ಹಾಗೇ ಇರಲಿ. ಅಡಿಬರಹದಲ್ಲಿ ಅದನ್ನು "ಇದೆ", "ಹೋಯಿತು" ಎಂದು ತಿದ್ದುವ ಚಟ ಕೆಲವರಿಗಿದೆ. ಬಾಯಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ನೋಡುವವರಿಗೆ ಕಿರಿಕಿರಿ.

ಹೆಚ್ಚಿನ ವರದಿಗಳು ಮುಗ್ಗರಿಸುವುದು ಬೆಲೆಯಲ್ಲಿ. ಮಾರುಕಟ್ಟೆ ಪಟ್ಟಿಯಲ್ಲಿ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ. ಗರಿಷ್ಠವನ್ನು ಎತ್ತಿ "ಇಂದಿನ ಬೆಲೆ" ಎಂದು ಓದಿದರೆ, ಎಲ್ಲೋ ಒಂದು ಲಾಟಿಗೆ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಂತೆ ಆಗುತ್ತದೆ. ಬೆಂಬಲ ಬೆಲೆಯದು ಇನ್ನೊಂದು ಗೋಜಲು. 2025-26ಕ್ಕೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ ಮಧ್ಯಮ ಎಳೆಯ ಹತ್ತಿಗೆ 7,710 ರೂ., ಉದ್ದ ಎಳೆಯದಕ್ಕೆ 8,110 ರೂ. ನಿಗದಿ ಮಾಡಿತು. ಯಾವ ಎಳೆ ಎಂದು ಹೇಳದೆ ಅಂಕಿ ಮಾತ್ರ ಹೇಳಿದರೆ ಸುದ್ದಿ ಅರ್ಧ ಸುಳ್ಳು. ಪೂರ್ತಿ ಬೆಂಬಲ ಬೆಲೆ ಇರುವುದು ತೇವ ಶೇ 8ರ ಒಳಗಿದ್ದರೆ. ಅಲ್ಲಿಂದ ಮೇಲೆ ಶೇ 12ರ ತನಕ ದರ ಇಳಿಯುತ್ತ ಹೋಗುತ್ತದೆ, ಅದಕ್ಕೂ ಹಸಿಯಾದರೆ ಖರೀದಿ ಕೇಂದ್ರ ತೆಗೆದುಕೊಳ್ಳುವುದಿಲ್ಲ. "ಹಸಿ ಐತಿ ಅಂತ ವಾಪಸ್ ಕಳಿಸಿದ್ರು" ಎಂದು ಒಬ್ಬರು ಹೇಳಿದರೆ, ತೇವ ಅಳೆಯುವ ಯಂತ್ರ ಎಷ್ಟು ತೋರಿಸಿತು ಎಂದು ಕೇಳಿ ಬರೆದುಕೊಳ್ಳಬೇಕು. ಆ ಅಂಕಿಯೊಂದು ಸಿಕ್ಕರೆ ಬೇರೆ ಯಾವ ವರದಿಗೂ ಇಲ್ಲದ ತೂಕ ಬರುತ್ತದೆ.

ಹನ್ನೊಂದರ ಮೇಲೆ ದೃಶ್ಯ ತೆಗೆಯುವ ಗೋಜಿಗೆ ಹೋಗಬೇಡಿ. ಬಿಸಿಲಿಗೆ ಫೋನು ಕಾದು ಕ್ಯಾಮೆರಾ ತಾನೇ ಬಂದ್ ಆಗುತ್ತದೆ, ಬಿಳಿ ಹತ್ತಿ ಪರದೆಯಲ್ಲಿ ಬರೀ ಸುಣ್ಣದ ಗೋಡೆಯಂತೆ ಕಾಣುತ್ತದೆ. ತೂಕದ ಕಾಟಾ, ಹತ್ತಿ ಎಳೆದು ನೋಡುವ ಬೆರಳು, ಚೀಟಿ ಹಿಡಿದ ಕೈ, ಪ್ರತಿಯೊಂದೂ ಅಲ್ಲಾಡದೆ ಹತ್ತು ಸೆಕೆಂಡು ಇದ್ದರೆ ಸಾಕು.

ಸಂಜೆ ಬರೆಯುವಾಗ ಓದುವ ಪ್ರತಿಯಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ: "ಎಂಟು ಸಾವಿರದ ನೂರಾ ಹತ್ತು". ಓದುವಾಗ ಕಣ್ಣು ತಡವರಿಸುವುದು ಅಂಕಿಯ ಮೇಲೆಯೇ. ಇದೇ ಸುದ್ದಿಯನ್ನು ಪತ್ರಿಕೆಗೂ ಕಳಿಸುವುದಾದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬೇಕು. ಪುಟ ಕಟ್ಟುವ ಎಷ್ಟೋ ಕಡೆ ಇವತ್ತಿಗೂ ಹಳೇ ಫಾಂಟುಗಳೇ ನಡೆಯುತ್ತವೆ, ಕೆಲಸದ ಪರೀಕ್ಷೆಗೆ ಕೂರಿಸುವುದೂ ಅದರಲ್ಲೇ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಿ ರೂಢಿಯಾದವರು ಅಲ್ಲಿ ಬೆರಳು ಮಡಚಿ ಕೂರುತ್ತಾರೆ. ದಿನಕ್ಕೆ ಅರ್ಧ ತಾಸಿನಂತೆ ಒಂದು ತಿಂಗಳು ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ಒತ್ತಿದರೆ ಕೈ ಕೂರುತ್ತದೆ. ಹಳೇ ಫಾಂಟಿನಿಂದ ಫೋನಿನಲ್ಲಿ ಬಳಸುವ ಯೂನಿಕೋಡಿಗೆ, ಇಲ್ಲವೇ ಅದರಿಂದ ಹಳೇ ಫಾಂಟಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತಿರುವ ಪದಗಳನ್ನೇ ಹುಡುಕಿ ನೋಡಿ: ಕರ್ನಾಟಕ, ಮಾರ್ಕೆಟ್, ಖರ್ಚು, ದರ್ಜೆ. "ಕನರ್ಾಟಕ" ಎಂದು ಒಡೆದುಕೊಂಡು ಕೂತಿರುವುದು ಇವುಗಳಲ್ಲೇ.