ಒರೆಸಿದ ಕಾಲು, ತೊಳೆದ ಕಾಲು

"ಕಾಲೇ ತೊಳೀಲಿಲ್ವಲ್ಲಪ್ಪ, ವಜೂ ಹೇಗಾಗತ್ತೆ?"

ಮೊನ್ನೆ ಮಂಗಳವಾರ ಅಸರ್ (ಇಳಿಹೊತ್ತಿನ) ನಮಾಜಿಗೆ ಮುಂಚೆ, ಬೆಂಗಳೂರಿನ ಮಸೀದಿಯೊಂದರ ವಜೂಖಾನೆಯಲ್ಲಿ ಹಿರಿಯರೊಬ್ಬರು ಹುಡುಗನೊಬ್ಬನಿಗೆ ಹೇಳಿದ ಮಾತು. ವಜೂ ಅಂದರೆ ನಮಾಜಿಗೆ ಮುಂಚಿನ ಶುದ್ಧಿ. ಇನ್ನೂ ಕಿವಿಯಲ್ಲೇ ಇದೆ. ಹುಡುಗ ತಗ್ಗಿದ ದನಿಯಲ್ಲಿ, "ನಾವು ಒರೆಸೋದು ಚಾಚಾ, ಅಲೀಪುರದೋರು" ಅಂದ. ಗೌರಿಬಿದನೂರು ಕಡೆಯ ಅಲೀಪುರ ಶಿಯಾಗಳ ಊರು. ಅಷ್ಟಕ್ಕೇ ತಿಳಿಯಬೇಕಿತ್ತು. ಹಿರಿಯರು ಒಳ್ಳೆಯವರೇ, ಹುಡುಗನ ನಮಾಜು ಕೆಡಬಾರದೆಂಬ ಕಾಳಜಿ. ಆದರೆ ಅವನು ಮಾಡಿದ್ದನ್ನು ಅವರು ಪೂರ್ತಿ ನೋಡಿರಲಿಲ್ಲ.

ಮುಖ ತೊಳೆದ ಮೇಲೆ ಅವನು ಬಲಗೈ, ಆಮೇಲೆ ಎಡಗೈಯನ್ನು ಮೊಣಕೈಯಿಂದ ಬೆರಳ ತುದಿಯ ಕಡೆಗೆ ತೊಳೆದ. ಸುನ್ನಿಗಳು ಸಾಮಾನ್ಯವಾಗಿ ಬೆರಳಿಂದ ಮೊಣಕೈವರೆಗೆ, ಮೂರು ಸಲ. ಶಿಯಾ ವಿಧಿಯಲ್ಲಿ ಒಂದು ಸಲ ಕಡ್ಡಾಯ, ಎರಡಕ್ಕೆ ಅವಕಾಶ, ಮೂರನೆಯದು ಸಲ್ಲದು. ಆಮೇಲೆ ನಲ್ಲಿ ನಿಲ್ಲಿಸಿದ. ಅಲ್ಲಿಂದಾಚೆ ಹೊಸ ನೀರು ತೆಗೆದುಕೊಳ್ಳುವಂತಿಲ್ಲ. ಅಂಗೈಯಲ್ಲಿ ಉಳಿದ ತೇವದಲ್ಲೇ ತಲೆಯ ಮುಂಭಾಗ, ಪಾದಗಳ ಮೇಲ್ಭಾಗ ಒರೆಸಬೇಕು. ತಪ್ಪಾಗುವುದು ಇಲ್ಲೇ. ಪಾದ ಮೊದಲೇ ತೊಯ್ದಿದ್ದರೆ ಕೈಯ ತೇವ ಅದಕ್ಕೆ ತಾಗಿದ್ದೇ ಕಾಣದು, ಮಸಹ್ (ಒರೆಸುವ ವಿಧಿ) ಆಗುವುದಿಲ್ಲ. ವಜೂಖಾನೆಯ ನೆಲ ಸದಾ ಒದ್ದೆ. ಅದಕ್ಕೇ ಅವನು ಶುರುವಿಗೆ ಮುಂಚೆಯೇ ಕರವಸ್ತ್ರದಿಂದ ಪಾದ ಒಣಗಿಸಿ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದ. ಹಿರಿಯರ ಕಣ್ಣಿಗೆ ಬಿದ್ದದ್ದು ಆ ಒಣ ಪಾದ.

ಇಬ್ಬರ ಆಧಾರವೂ ಒಂದೇ: ಕುರ್‌ಆನಿನ ಅಲ್-ಮಾಇದಾ ಅಧ್ಯಾಯದ 6ನೇ ಸೂಕ್ತ. ಅಲ್ಲಿ ಬರುವ "ನಿಮ್ಮ ಕಾಲುಗಳು" ಎಂಬ ಪದವನ್ನು "ಅರ್ಜುಲಕುಮ್" ಎಂದು ಓದಿದರೆ ಕಾಲು ಮುಖ-ಕೈಗಳ ಜೊತೆ ತೊಳೆಯುವುದಕ್ಕೆ ಸೇರುತ್ತದೆ. "ಅರ್ಜುಲಿಕುಮ್" ಎಂದರೆ ತಲೆಯ ಜೊತೆ ಒರೆಸುವುದಕ್ಕೆ. ಎರಡೂ ಮಾನ್ಯ ಪಠಣಗಳು. "ಅರ್ಜುಲಕುಮ್" ಎಂದು ಓದಿದರೂ ಒರೆಸುವ ಅರ್ಥವೇ ಬರುತ್ತದೆನ್ನುವುದು ಶಿಯಾ ವಿದ್ವಾಂಸರ ವಾದ. ಸುನ್ನಿಗಳಿಗೆ ಹಿಮ್ಮಡಿ ಒಣಗಿ ಉಳಿದವರನ್ನು ಪ್ರವಾದಿಯವರು ನರಕದ ಮಾತೆತ್ತಿ ಎಚ್ಚರಿಸಿದ ಹದೀಸ್ ಇದೆ. ಹಿರಿಯರ ಅಂಜಿಕೆ ಅಲ್ಲಿಂದ ಬಂದದ್ದು, ಅದನ್ನು ಹಗುರ ಮಾಡಲಾರೆ. ಆದರೆ ತೊಳೆದ ಕಾಲಿಗೆ ಚರ್ಮದ ಕಾಲ್ಚೀಲ ತೊಟ್ಟಿದ್ದರೆ, ಸುನ್ನಿಗಳೂ ಅದರ ಮೇಲೆ ಬರೀ ಒರೆಸುತ್ತಾರೆ: ಊರಲ್ಲಿದ್ದರೆ ಒಂದು ಹಗಲು-ರಾತ್ರಿ, ಪ್ರಯಾಣದಲ್ಲಿ ಮೂರು. ಶಿಯಾಗಳು ಅದನ್ನು ಒಪ್ಪುವುದಿಲ್ಲ.

"ಹೇಗಾಗತ್ತೆ?" ಪ್ರಶ್ನೆಯಂತೆ ಕೇಳಿಸಿದರೂ ತೀರ್ಪು ಅದರೊಳಗೇ ಇತ್ತು.

ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರು, ನಾಲ್ಕು ರಕಾತ್ (ನಮಾಜಿನ ಸುತ್ತು). ಹಿರಿಯರು ಕೈ ಕಟ್ಟಿದರು, ಹುಡುಗ ಇಳಿಬಿಟ್ಟ. ಹಣೆ ತಾಗುವಲ್ಲಿ ಅವನು ಒಂದು ಹಾಳೆ ಇಟ್ಟಿದ್ದ. ಶಿಯಾಗಳ ಸಜ್ದಾ ಮಣ್ಣಿನ ಮೇಲೆ, ಇಲ್ಲವೇ ಉಣ್ಣದ, ಉಡದ ಬೆಳೆಯ ಮೇಲೆ ಆಗಬೇಕು, ಜಮಖಾನದ ಮೇಲಲ್ಲ. ಕಾಗದ ಸಲ್ಲುತ್ತದೆ. ನಮಾಜು ಮುಗಿಸುವ ಸಲಾಮಿನ ನಂತರ ಹಿರಿಯರು ಆ ಹಾಳೆಯನ್ನೇ ನೋಡಿದರು. ಈ ಸಲ ಏನೂ ಕೇಳಲಿಲ್ಲ. ಈಗ ಕೇಳಬೇಕಿತ್ತು, ಹುಡುಗ ಅದನ್ನು ಮಡಚುತ್ತ ಅವರ ಮುಖವನ್ನೇ ನೋಡುತ್ತಿದ್ದ.