ನೀಲಿ ಥಂಡರ್‌ಕ್ರ್ಯಾಕರ್ ಮನೆಗೆ ಬಂದ ದಿನ

"ಇದೇ ಗೊಂಬೆ ಮನೇಲಿದೆಯಲ್ಲೋ?" ಡಬ್ಬ ನೋಡಿದ ತಕ್ಷಣ ಅಮ್ಮ ಕೇಳಿದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಕಪಾಟಿನಲ್ಲಿ ಐದು ವರ್ಷದಿಂದ ಸ್ಟಾರ್‌ಸ್ಕ್ರೀಮ್ ನಿಂತಿದ್ದಾನೆ. ಬೂದು, ಕೆಂಪು, ನೀಲಿ ಬಣ್ಣದ ಗೇಣುದ್ದದ ರೋಬೋ. ಮಡಚಿದರೆ ಜೆಟ್ ವಿಮಾನ. ಈಗ ಬಂದಿರುವ ಥಂಡರ್‌ಕ್ರ್ಯಾಕರ್ ಕೂಡ ಅದೇ ಅಚ್ಚಿನಲ್ಲಿ ಹುಟ್ಟಿದವನು. ಮೈಯೆಲ್ಲ ನೀಲಿ, ಅಷ್ಟೇ. ಬಣ್ಣಕ್ಕಾಗಿ ಇನ್ನೊಂದು ಸಲ ದುಡ್ಡು ಕೊಡಬೇಕಾ? ಆ ಭಾನುವಾರ ಪೂರ್ತಿ ನಾನು ಅದನ್ನೇ ನೋಡುತ್ತಾ ಕೂತೆ.

ಇದು ಈಗ ಶುರುವಾದ ರೂಢಿಯಲ್ಲ. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಮಡಚುವ ರೋಬೋ ಆಟಿಕೆಗಳ ಸರಣಿ ಆರಂಭಿಸಿದ್ದೇ ಜಪಾನಿನ ಟಕಾರಾದ ಡಯಾಕ್ಲೋನ್, ಮೈಕ್ರೋಮ್ಯಾನ್ ಆಟಿಕೆಗಳನ್ನು ತೆಗೆದುಕೊಂಡು. ಅದರಲ್ಲಿದ್ದ ಎಫ್-15 ಯುದ್ಧವಿಮಾನದ ಒಂದೇ ವಿನ್ಯಾಸದಿಂದ ಮೂವರು ಬಂದರು. ಬೂದು ಸ್ಟಾರ್‌ಸ್ಕ್ರೀಮ್, ನೀಲಿ ಥಂಡರ್‌ಕ್ರ್ಯಾಕರ್, ಕಪ್ಪು-ನೇರಳೆ ಸ್ಕೈವಾರ್ಪ್. ಮೂವರಿಗೂ ಬೇರೆ ಬೇರೆ ಸ್ವಭಾವ ಬರೆದರು. ಸ್ಟಾರ್‌ಸ್ಕ್ರೀಮ್‌ಗೆ ನಾಯಕನ ಕುರ್ಚಿಯ ಮೇಲೇ ಕಣ್ಣು. ಸ್ಕೈವಾರ್ಪ್ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷನಾಗುತ್ತಾನೆ. ಥಂಡರ್‌ಕ್ರ್ಯಾಕರ್‌ಗೆ ತನ್ನ ಪಡೆ ಮಾಡುತ್ತಿರುವುದು ಸರಿಯೇ ಎಂಬ ಅನುಮಾನ. ನನಗೆ ಅವನು ಇಷ್ಟವಾಗಿದ್ದೇ ಆ ಅನುಮಾನಕ್ಕೆ.

ಕಿಟಕಿ ಪಕ್ಕ ಹಳೇ ಪೇಪರ್ ಹಾಸಿ ಇಬ್ಬರನ್ನೂ ನಿಲ್ಲಿಸಿದೆ. ಬೂದು ಮೈಯಲ್ಲಿ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ. ನೀಲಿಯಲ್ಲಿ ಅವು ಮುಳುಗಿಹೋಗಿದ್ದವು. ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ರೆಕ್ಕೆಯ ಗೆರೆಗಳು ಒಂದೊಂದಾಗಿ ಮೇಲೆದ್ದವು. ವಿಮಾನವಾಗಿ ಮಡಚಿದಾಗಲಂತೂ ನೀಲಿಯೇ ಗೆದ್ದಿತು. ಬೂದು ವಿಮಾನದ ಹೊಟ್ಟೆಯಡಿ ಮಡಚಿಟ್ಟ ನೀಲಿ ಕೈಗಳು ಕಣ್ಣಿಗೆ ಹೊಡೆಯುತ್ತವೆ, ರೋಬೋ ಅಡಗಿ ಕೂತಿರುವುದು ಗೊತ್ತಾಗುತ್ತದೆ. ಇವನಲ್ಲಿ ಎಲ್ಲ ನೀಲಿಯೊಳಗೆ ಕರಗುತ್ತದೆ. ಅಚ್ಚು ಒಂದೇ ಆದರೂ ವಿಮಾನ ಬೇರೆಯೇ ಅನ್ನಿಸಿತು.

ಬಣ್ಣ ಎಲ್ಲಿ ಬೀಳಬೇಕು ಎನ್ನುವುದು ಸುಮ್ನೆ ಮನಸ್ಸಿಗೆ ಬಂದಂತೆ ಆಗುವ ಕೆಲಸವಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿದಾಗ ಹತ್ತಾರು ಬಿಡಿಭಾಗಗಳು ಒಂದೇ ಕಡ್ಡಿಗೆ ಗೊಂಚಲಿನಂತೆ ಅಂಟಿಕೊಂಡು ಹೊರಬರುತ್ತವೆ. ಒಂದು ಗೊಂಚಲಿಗೆ ಒಂದೇ ಬಣ್ಣ. ಮೊಣಕಾಲು ಮತ್ತು ಬಾಲ ಒಂದೇ ಗೊಂಚಲಿನಲ್ಲಿದ್ದರೆ ಎರಡೂ ಒಂದೇ ಬಣ್ಣದಲ್ಲಿ ಬರಬೇಕು. ಬೇರೆ ಬೇಕೆಂದರೆ ಮೇಲೆ ಪೇಂಟ್ ಹಾಕಬೇಕು, ಖರ್ಚು ಜಾಸ್ತಿ. ಆದ್ದರಿಂದಲೇ ರೀಪೇಂಟ್, ಅಂದರೆ ಹಳೇ ಅಚ್ಚಿನದೇ ಬೇರೆ ಬಣ್ಣದ ಗೊಂಬೆ, ಕೈಗೆ ಬಂದಾಗ ನಾನು ಮೊದಲು ನೋಡುವುದು ಯಾವುದು ಪ್ಲಾಸ್ಟಿಕ್ಕಿನದೇ ಬಣ್ಣ, ಯಾವುದು ಮೇಲೆ ಹಚ್ಚಿದ್ದು ಎಂದು. ಮಡಚುವಾಗ ಉಜ್ಜುವ ಜಾಗದಲ್ಲಿ ಪೇಂಟ್ ಇದ್ದರೆ ಅದು ಬೇಗ ಸವೆಯುತ್ತದೆ. ಇವನ ರೆಕ್ಕೆಯ ಪಟ್ಟೆಗಳು ಏನೂ ತಾಗದ ಜಾಗದಲ್ಲಿದ್ದವು. ಸಮಾಧಾನವಾಯಿತು.

ಅಷ್ಟರಲ್ಲಿ ನನ್ನಿಂದ ಒಂದು ತಪ್ಪಾಯಿತು. ಐದು ವರ್ಷದ ಅಭ್ಯಾಸ ಅಲ್ವಾ, ಕೈ ತಾನಾಗಿ ಓಡುತ್ತಿತ್ತು. ಎಡ ರೆಕ್ಕೆಯನ್ನು ಹೊರಗೆಳೆಯದೆ ನೇರವಾಗಿ ತಿರುಗಿಸಿಬಿಟ್ಟೆ. ಹೊಸ ಕೀಲು ಬಿಗಿಯಾಗಿತ್ತು. ಬುಡದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿತು. ಪ್ಲಾಸ್ಟಿಕ್ ಹೆಚ್ಚು ಬಾಗಿದಾಗ ಬರುವ ಗುರುತು ಅದು. ಬೂದು ಬಣ್ಣದಲ್ಲಾದರೆ ಕಾಣುತ್ತಲೇ ಇರಲಿಲ್ಲ. ಗಾಢ ನೀಲಿಯಲ್ಲಿ ಮುಚ್ಚಿಡಲು ಆಗುವುದಿಲ್ಲ. ಹೊಟ್ಟೆಯಲ್ಲಿ ಒಂಥರಾ ಆಯಿತು.

ಮಧ್ಯಾಹ್ನ ಅಕ್ಕ ಮಗನನ್ನು ಕರೆದುಕೊಂಡು ಬಂದಳು. ಏಳು ವರ್ಷದ ಹುಡುಗ. ಸ್ಟಾರ್‌ಸ್ಕ್ರೀಮ್‌ನ ಸೊಂಟ ಸಡಿಲವಾಗಿದ್ದರೆ ಅದು ಅವನು ಆಡಿದ ಆಟದ ಲೆಕ್ಕ, ಅದಕ್ಕೆ ನನಗೇನೂ ಬೇಸರವಿಲ್ಲ. ನೀಲಿಯವನನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾಮ, ಇವನು ಒಳ್ಳೆಯವನಾ, ಕೆಟ್ಟವನಾ?" ಅಂದ.

"ಕೆಟ್ಟವರ ಜೊತೆ ಇದ್ದಾನೆ. ಆದರೆ ಅದು ಸರೀನಾ ಅಂತ ಯೋಚನೆ ಮಾಡ್ತಾನೆ."

"ಮತ್ತೆ ನಗ್ತಿದ್ದಾನಲ್ಲ?"

ನನಗೂ ಬೆಳಗ್ಗೆಯಿಂದ ಅದೇ ಕೊರೆಯುತ್ತಿತ್ತು. ಮುಖವೂ ಅದೇ ಅಚ್ಚು. ತುಟಿಯ ಒಂದು ಕಡೆ ಎಳೆದ ಆ ಕೊಂಕುನಗೆ ಸ್ಟಾರ್‌ಸ್ಕ್ರೀಮ್‌ಗೆ ಹೇಳಿ ಮಾಡಿಸಿದ್ದು. ಅನುಮಾನದಲ್ಲಿ ಬದುಕುವವನಿಗೆ ಅದು ಒಪ್ಪುವುದಿಲ್ಲ. ಇಬ್ಬರಿಗೆ ಒಂದು ದೇಹ ಸಾಕು, ಮುಖ ಮಾತ್ರ ಎರಡು ಬೇಕಿತ್ತು.

ಹುಡುಗ ಸುಮ್ಮನಿರಲಿಲ್ಲ. ನೀಲಿಯವನ ಕುತ್ತಿಗೆಯನ್ನು ನಿಧಾನವಾಗಿ ಕೆಳಗೆ ಬಗ್ಗಿಸಿದ. ಹಣೆಯ ಅಂಚಿನ ನೆರಳು ಬಾಯಿಯ ಮೇಲೆ ಬಿತ್ತು. ನಗೆ ಮಾಯವಾಯಿತು. ಈಗ ಅವನು ತನ್ನ ಕೈಗಳನ್ನೇ ನೋಡುತ್ತಾ ನಿಂತಂತಿದ್ದ.

"ಈಗ ಯೋಚನೆ ಮಾಡ್ತಿದ್ದಾನೆ," ಅಂದ ಹುಡುಗ.

ಅವರು ಹೊರಡುವ ಮೊದಲು ಅಕ್ಕನ ಹತ್ತಿರ ಬಣ್ಣವಿಲ್ಲದ ನೇಲ್ ಪಾಲಿಶ್ ಕೇಳಿ ಇಟ್ಟುಕೊಂಡೆ. ಸಂಜೆ ಸ್ಟಾರ್‌ಸ್ಕ್ರೀಮ್‌ನ ಸೊಂಟದ ಕೀಲು ಬಿಚ್ಚಿ ತೆಳುವಾಗಿ ಒಂದು ಪದರ ಹಚ್ಚಿದೆ. ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಬಿಗಿ ಮರಳಿ ಬರುತ್ತದೆ. ರಾತ್ರಿಯಿಡೀ ಅವನ ಕಾಲುಗಳು ಪೇಪರಿನ ಮೇಲೆ ಬೇರೆಯಾಗಿ ಮಲಗಿದ್ದವು. ಪಕ್ಕದಲ್ಲಿ ನೀಲಿಯವನು ತಲೆ ಬಗ್ಗಿಸಿಕೊಂಡು ನಿಂತಿದ್ದ.