ಇಂಗ್ಲೆಂಡಿಗೆ ಫುಟ್‌ಬಾಲ್ ನೋಡಲು ಹೊರಟವರು ಏಜೆನ್ಸಿಯವರ ಹತ್ತಿರ ಕೇಳಬೇಕಾದದ್ದು

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳು ಆಡುವ ಪ್ರೀಮಿಯರ್ ಲೀಗ್ ಮ್ಯಾಚ್ ನೋಡಲು ಹೋಗುವವರಿಗೆ ಟ್ರಾವೆಲ್ ಏಜೆನ್ಸಿ ಬೇಕಾಗುವುದು ಮ್ಯಾಚ್ ಟಿಕೆಟ್‌ಗೆ. ವಿಮಾನ, ಹೋಟೆಲು, ರೈಲು ಎಲ್ಲ ಮೊಬೈಲಿನಲ್ಲೇ ನಾವೇ ಮಾಡಿಕೊಳ್ಳಬಹುದು. ಟಿಕೆಟ್ ಮಾತ್ರ ಅಷ್ಟು ಸುಲಭ ಅಲ್ಲ. ಹಾಗಾಗಿ ಏಜೆನ್ಸಿಯವರ ಎದುರು ಕೂತಾಗ ಬ್ರೇಕ್‌ಫಾಸ್ಟ್ ಉಂಟಾ, ಸಿಟಿ ಟೂರ್ ಉಂಟಾ ಅಂತ ಸುಮ್ನೆ ಹೊತ್ತು ಕಳೆಯಬೇಡಿ. ಟಿಕೆಟ್ ಎಲ್ಲಿಂದ ಬರುತ್ತದೆ, ಯಾರ ಹೆಸರಲ್ಲಿ ಇರುತ್ತದೆ, ಮ್ಯಾಚ್ ದಿನ ಬದಲಾದರೆ ಏನು ಮಾಡುತ್ತೀರಿ? ಮೊದಲು ಈ ಮೂರು ಕೇಳಿ.

ಹೋದದ್ದು ನಾನು, ಇಂಜಿನಿಯರಿಂಗ್ ಓದುವ ಮಗ ಮತ್ತು ಉಡುಪಿಯ ನನ್ನ ಭಾವ. ಮಗ ಲಿವರ್‌ಪೂಲ್ ತಂಡದ ಕಡೆ, ಭಾವ ಮ್ಯಾಂಚೆಸ್ಟರ್ ಯುನೈಟೆಡ್ ಕಡೆ. ಈ ಎರಡು ಊರು ರೈಲಿನಲ್ಲಿ ಒಂದು ಗಂಟೆಯೊಳಗಿನ ದೂರ. ಹಾಗಾಗಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಒಂದು, ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು ಮ್ಯಾಚ್ ಅಂತ ಮನೆಯಲ್ಲಿ ರಾಜಿ ಆಯಿತು. ನನಗೆ ಯಾವ ತಂಡವೂ ಆದೀತು.

ಮಂಗಳೂರಿನಲ್ಲಿ ಏಜೆನ್ಸಿಗಳಿಗೆ ಬರ ಇಲ್ಲ. ಹಂಪನಕಟ್ಟೆ, ಬಲ್ಮಠ, ಫಳ್ನೀರು ಎಲ್ಲಿ ನೋಡಿದರೂ ಉಂಟು. ಗಲ್ಫ್ ಟಿಕೆಟ್, ಉಮ್ರಾ, ಹೋಲಿ ಲ್ಯಾಂಡ್ ಟೂರ್ ಇವೆಲ್ಲ ಅವರಿಗೆ ಕರತಲಾಮಲಕ. ಫುಟ್‌ಬಾಲ್ ಟೂರ್ ಮಾತ್ರ ಬೇರೆಯೇ ಲೆಕ್ಕ. 2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ಸೈಟಿನಿಂದ ಟಿಕೆಟ್ ತೆಗೆದುಕೊಂಡು, ವೀಸಾದ ಬದಲಿಗಿದ್ದ ಹಯ್ಯಾ ಕಾರ್ಡ್ ಮಾಡಿಸಿದರೆ ಮುಗಿಯಿತು. ಉಳಿದುಕೊಳ್ಳಲು ನಮ್ಮೂರಿನವರಿಗೆ ಅಲ್ಲಿ ಯಾರಾದರೂ ನೆಂಟರು ಇದ್ದೇ ಇರುತ್ತಾರೆ. ಇಂಗ್ಲೆಂಡಿನಲ್ಲಿ ಟಿಕೆಟ್ ಮಾರುವುದು ಆಯಾ ಕ್ಲಬ್. ದೊಡ್ಡ ಕ್ಲಬ್ ಆದರೆ ಮೊದಲು ಸಿಗುವುದು ಇಡೀ ಸೀಸನ್‌ಗೆ ಸೀಟು ಕೊಂಡ ಸೀಸನ್ ಟಿಕೆಟ್‌ನವರಿಗೆ, ಆಮೇಲೆ ದುಡ್ಡು ಕಟ್ಟಿ ಮೆಂಬರ್ ಆದವರಿಗೆ. ಮೆಂಬರ್‌ಗಳಿಗೂ ಚೀಟಿ ಎತ್ತಿದ ಹಾಗೆ ಬ್ಯಾಲಟ್. ಆನ್‌ಫೀಲ್ಡ್‌ನಲ್ಲಿ ಸುಮಾರು 61,000 ಸೀಟು, ಓಲ್ಡ್ ಟ್ರಾಫರ್ಡ್‌ನಲ್ಲಿ ಸುಮಾರು 74,000. ಅಷ್ಟಿದ್ದರೂ ಕೌಂಟರಿನಲ್ಲಿ ನಿಂತು ಟಿಕೆಟ್ ತೆಗೆದುಕೊಳ್ಳುವ ಆಸೆ ಇಟ್ಟುಕೊಳ್ಳಬೇಡಿ.

ಮೆಂಬರ್ ಅಲ್ಲದವರಿಗೆ ಇರುವ ನೇರ ದಾರಿ ಹಾಸ್ಪಿಟಾಲಿಟಿ ಟಿಕೆಟ್. ಸೀಟಿನ ಜೊತೆ ಊಟವೋ ತಿಂಡಿಯೋ, ಕೂತುಕೊಳ್ಳಲು ಒಂದು ಲೌಂಜ್. ಬೆಲೆ ಒಬ್ಬರಿಗೆ ಕೆಲವು ನೂರು ಪೌಂಡ್. ಪೌಂಡಿಗೆ 100 ರೂಪಾಯಿಗಿಂತ ಜಾಸ್ತಿ ಇರುವಾಗ ಇದು ಸಣ್ಣ ಮೊತ್ತ ಅಲ್ಲ. ಆದರೆ ಗೊತ್ತಿರಲಿ, ಇದನ್ನು ಕ್ಲಬ್‌ನವರು ತಮ್ಮ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಮಾರುತ್ತಾರೆ. ನಮ್ಮ ಏಜೆನ್ಸಿಗಳು ಕೊಡುವುದೂ ಬಹಳ ಸಲ ಇದೇ ಟಿಕೆಟ್, ಮೇಲೆ ಅವರ ಕಮಿಷನ್. ಏಜೆನ್ಸಿ ರೇಟ್ ಕೇಳುವ ಮುಂಚೆ ಕ್ಲಬ್ ಸೈಟಿನ ರೇಟ್ ನೋಡಿಕೊಂಡು ಹೋಗಿ. ಚೌಕಾಶಿ ಮಾಡಲು ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.

ನಾವು ಮೊದಲು ಹೋದ ಕಚೇರಿಯಲ್ಲಿ ಎಸಿ ಜೋರಾಗಿತ್ತು, ಮಾತು ಅದಕ್ಕಿಂತ ಜೋರಾಗಿತ್ತು.

"ಟಿಕೆಟ್ ಗ್ಯಾರಂಟಿ ಸರ್, ನೀವು ಎಂತ ಟೆನ್ಶನ್ ಮಾಡ್ಬೇಡಿ."

ಭಾವ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. "ಟಿಕೆಟ್ ಯಾರ ಹೆಸರಲ್ಲಿ ಇರ್ತದೆ?" ಅಂತ ಕೇಳಿದರು.

"ಅಲ್ಲಿಯ ನಮ್ಮ ಪಾರ್ಟಿ ಹೋಟೆಲಿಗೇ ತಂದು ಕೊಡ್ತಾರೆ ಸರ್. ಮ್ಯಾಚ್ ಮುಗಿದ ಮೇಲೆ ವಾಪಸ್ ಕೊಟ್ರಾಯ್ತು."

"ಟಿಕೆಟ್ ವಾಪಸ್ ಕೊಡುವುದು ಅಂದ್ರೆ ಎಂತ ಮಾರಾಯ್ರೆ?"

ಅಲ್ಲಿಗೆ ಮಾತು ನಿಂತಿತು. ವಾಪಸ್ ಕೊಡಬೇಕು ಅಂದರೆ ಅದು ಬೇರೆ ಯಾರದ್ದೋ ಸೀಸನ್ ಕಾರ್ಡ್, ಅಥವಾ ಯಾರದ್ದೋ ಪಾಸ್ ಇರುವ ಮೊಬೈಲ್. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್‌ಗಳನ್ನು ಅನುಮತಿ ಇಲ್ಲದೆ ಮಾರುವುದು 1994ರ ಕಾನೂನಿನ ಪ್ರಕಾರ ಅಪರಾಧ. ಸಿನಿಮಾ ಟಿಕೆಟ್ ಬ್ಲ್ಯಾಕಿನಲ್ಲಿ ತೆಗೆದುಕೊಂಡಷ್ಟು ಸಲೀಸಲ್ಲ. ಕ್ಲಬ್‌ನವರಿಗೆ ಗೊತ್ತಾದರೆ ಆ ಪಾಸ್ ರದ್ದು. ಗೇಟಿನಲ್ಲಿ ಕೆಂಪು ದೀಪ ಬಂದರೆ ನೀವು ಹೊರಗೆ, ಹಂಪನಕಟ್ಟೆಯ ಕಚೇರಿ ಇಷ್ಟು ದೂರ. ಪ್ರೀಮಿಯರ್ ಲೀಗ್‌ನ ಸೈಟಿನಲ್ಲಿ ಅನುಮತಿ ಇಲ್ಲದ ಮಾರಾಟಗಾರರ ಪಟ್ಟಿಯೇ ಉಂಟು. ಕ್ಲಬ್ ಸೈಟಿನಲ್ಲಿ ಅಧಿಕೃತ ಪಾಲುದಾರರ ಹೆಸರು ಸಿಗುತ್ತದೆ. ನಿಮ್ಮ ಏಜೆನ್ಸಿಯ ಹೆಸರು ಅಲ್ಲಿ ಇರಲೇಬೇಕು ಅಂತ ಇಲ್ಲ. ಅವರು ಯಾರಿಂದ ತರುತ್ತಾರೋ ಅವರ ಹೆಸರು ಇರಬೇಕು. ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ವಾಟ್ಸಾಪ್‌ನಲ್ಲಿ "ಓಕೆ ಸರ್, ಡನ್" ಅಂತ ಬಂದದ್ದು ಸಾಲದು.

ಎರಡನೇ ಏಜೆನ್ಸಿಯವರು ಅಷ್ಟೇನೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ, ಯಾರ ಮೂಲಕ ಬುಕ್ ಮಾಡುತ್ತೇವೆ, ಯಾವ ಸ್ಟ್ಯಾಂಡ್, ಮೂರು ಸೀಟು ಒಟ್ಟಿಗೆ ಸಿಗುತ್ತದಾ ಅಂತ ತೋರಿಸಿದರು. ರೇಟ್ ಜಾಸ್ತಿ ಇತ್ತು. ಅವರಲ್ಲೇ ಮಾಡಿಸಿದೆವು. ಟಿಕೆಟ್ ಒಂದನ್ನೇ ಕೊಡುವುದಿಲ್ಲ, ಹೋಟೆಲ್ ಸೇರಿಸಿಯೇ ಪ್ಯಾಕೇಜ್ ಅಂದರು. ಬಹಳ ಕಡೆ ಇದೇ ಪದ್ಧತಿ. ಮೂರು ಸೀಟು ಒಟ್ಟಿಗೆ ಅನ್ನುವುದನ್ನೂ ಬರೆಸಿಕೊಳ್ಳಿ. ಇಲ್ಲದಿದ್ದರೆ ಅಪ್ಪ ಒಂದು ಬ್ಲಾಕ್, ಮಗ ಇನ್ನೊಂದು ಬ್ಲಾಕ್ ಆಗುವುದುಂಟು. ಲೌಂಜ್ ಸ್ಟೇಡಿಯಮ್ಮಿನ ಒಳಗಾ ಹೊರಗಾ ಅಂತಲೂ ಕೇಳಿ. ಹತ್ತಿರದ ಬೇರೆ ಕಟ್ಟಡದಲ್ಲಿ ಊಟ ಹಾಕಿ ಅದಕ್ಕೂ ಹಾಸ್ಪಿಟಾಲಿಟಿ ಅನ್ನುವ ಪ್ಯಾಕೇಜುಗಳಿವೆ.

ಇನ್ನು ದಿನಾಂಕದ ವಿಷಯ. ಜನ ಜಾಸ್ತಿ ಕೈ ಸುಟ್ಟುಕೊಳ್ಳುವುದು ಇಲ್ಲಿಯೇ. ಪ್ರೀಮಿಯರ್ ಲೀಗ್‌ನ ವೇಳಾಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಅದರಲ್ಲಿ ಹೆಚ್ಚಿನ ಮ್ಯಾಚ್ ಶನಿವಾರ ಮಧ್ಯಾಹ್ನ 3 ಗಂಟೆಗೆ ಅಂತ ಇರುತ್ತದೆ. ಅದನ್ನು ನಂಬಬೇಡಿ. ಟಿವಿಯವರು ಆಮೇಲೆ ಆರಿಸಿಕೊಳ್ಳುತ್ತಾರೆ. ಒಂದು ಶುಕ್ರವಾರ ರಾತ್ರಿಗೆ ಹೋಗುತ್ತದೆ, ಒಂದು ಭಾನುವಾರಕ್ಕೆ, ಒಂದು ಸೋಮವಾರ ರಾತ್ರಿಗೆ. ಇದು ಗೊತ್ತಾಗುವುದು ಮ್ಯಾಚಿಗೆ ಕೆಲವೇ ವಾರ ಇರುವಾಗ. ಗುರುವಾರ ಯುರೋಪಾ ಲೀಗ್ (ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್‌ಗಳ ಟೂರ್ನಿ) ಆಡಿದ ತಂಡದ ಮ್ಯಾಚ್ ಸಾಮಾನ್ಯವಾಗಿ ಭಾನುವಾರಕ್ಕೆ ಹೋಗುತ್ತದೆ. ಕಪ್ ಮ್ಯಾಚಿನ ಜೊತೆ ಡಿಕ್ಕಿ ಹೊಡೆದರೆ ಲೀಗ್ ಮ್ಯಾಚ್ ಬೇರೆ ತಿಂಗಳಿಗೇ ಹೋದರೂ ಹೋಯಿತು.

ನಮ್ಮ ಆನ್‌ಫೀಲ್ಡ್ ಮ್ಯಾಚ್ ಶನಿವಾರದಿಂದ ಭಾನುವಾರಕ್ಕೆ ಸರಿಯಿತು. ನಾವು ವಾರದ ಮಧ್ಯೆ ವಾಪಸ್ ಬರುವ ಹಾಗೆ ವಿಮಾನ ಹಿಡಿದಿದ್ದರಿಂದ ಏನೂ ತೊಂದರೆ ಆಗಲಿಲ್ಲ. ಗುರುವಾರದೊಳಗೆ ಹೋಗಿ ತಲುಪಿ, ಮಂಗಳವಾರದ ನಂತರ ಹೊರಡಿ. ನಡುವೆ ಎಷ್ಟು ಸರಿದರೂ ನಿಮ್ಮ ಕೈಯಲ್ಲೇ ಇರುತ್ತದೆ. ಏಜೆನ್ಸಿಯ ಷರತ್ತುಗಳ ಪುಟದಲ್ಲಿ ದಿನಾಂಕ ಬದಲಾದರೆ ಹಣ ವಾಪಸ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಭಾವ ಅದನ್ನು ಸಾಲದ ಪತ್ರ ಓದಿದ ಹಾಗೆ ಸಾಲು ಸಾಲಾಗಿ ಓದಿ, ಪೆನ್ಸಿಲಿನಲ್ಲಿ ಗೆರೆ ಹಾಕಿ, ಮ್ಯಾಚ್ ಬೇರೆ ವಾರಕ್ಕೆ ಹೋದರೆ ಟಿಕೆಟ್ ಹಣ ವಾಪಸ್ ಅಂತ ಒಂದು ಸಾಲು ಸೇರಿಸಿಯೇ ಬಿಟ್ಟರು. ಕೇಳಿದರೆ ಕೊಡುತ್ತಾರೆ, ಕೇಳುವವರು ಕಡಿಮೆ.

ರಜೆ ನೋಡಿ ಹೊರಡುವವರಿಗೆ ಇನ್ನೊಂದು ಮಾತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮತ್ತು ಮಾರ್ಚ್‌ನಲ್ಲಿ ದೇಶಗಳ ಮ್ಯಾಚಿಗೆ ಅಂತ ಲೀಗ್‌ಗೆ ಆಗಾಗ ಬಿಡುವು ಇರುತ್ತದೆ. ನಮ್ಮ ದಸರಾ ರಜೆ ಅದರ ಮೇಲೇ ಬೀಳಬಹುದು, ಹೊರಡುವ ಮುಂಚೆ ನೋಡಿಕೊಳ್ಳಿ. ಕ್ರಿಸ್‌ಮಸ್ ರಜೆಗೆ ಹೋಗುವುದಾದರೆ ಡಿಸೆಂಬರ್ 25ಕ್ಕೆ ಅಲ್ಲಿ ರೈಲು ಓಡುವುದಿಲ್ಲ, 26ಕ್ಕೂ ಹೆಚ್ಚಿನ ಕಡೆ ಇಲ್ಲ. ನಾವು ಫೆಬ್ರವರಿಯಲ್ಲಿ ಹೋದದ್ದು ಮಗನ ಸೆಮಿಸ್ಟರ್ ರಜೆ ನೋಡಿ.

ವೀಸಾಕ್ಕೆ ಏಜೆನ್ಸಿ ಫಾರ್ಮ್ ತುಂಬಿ ಕೊಡಬಹುದು. ವೀಸಾ ಕೊಡಿಸುವುದು ಅವರ ಕೈಯಲ್ಲಿಲ್ಲ. ಹಾಗೆ ಹೇಳಿದವರ ಹತ್ತಿರ ಹೋಗಬೇಡಿ. ಬ್ರಿಟನ್ ವಿಸಿಟರ್ ವೀಸಾಕ್ಕೆ ಪ್ರಯಾಣಕ್ಕಿಂತ 3 ತಿಂಗಳು ಮುಂಚೆಯಷ್ಟೇ ಅರ್ಜಿ ಹಾಕಬಹುದು. ಉತ್ತರ ಬರಲು ಸಾಮಾನ್ಯವಾಗಿ 3 ವಾರ. ಬೆರಳಚ್ಚು ಕೊಡಲು ನಾವು ಬೆಂಗಳೂರಿಗೆ ಹೋದೆವು. ರಾತ್ರಿ ಬಸ್ಸು, ಬೆಳಿಗ್ಗೆ ಕೆಲಸ, ಮತ್ತೆ ರಾತ್ರಿ ಬಸ್ಸು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕೊನೆಯ ವಾರ ದಿಢೀರ್ ಅಂತ ಲಕ್ಷಗಟ್ಟಲೆ ಹಣ ಹಾಕಿ ತೋರಿಸುವ ಬುದ್ಧಿವಂತಿಕೆ ಬೇಡ. ವೀಸಾ ಸಿಗುವ ಮುಂಚೆ ಪ್ರಯಾಣ ಬುಕ್ ಮಾಡಬೇಡಿ ಅಂತ ಬ್ರಿಟನ್ ಸರ್ಕಾರವೇ ಹೇಳುತ್ತದೆ. ಏಜೆನ್ಸಿಯವರು ಪೂರ್ತಿ ಹಣ ಮೊದಲೇ ಕೇಳುತ್ತಾರೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ನಾವು. ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ರಸೀದಿಯಲ್ಲೇ ಇರಲಿ, ಹಣವನ್ನು ಕಂತಿನಲ್ಲಿ ಕೊಡಿ.

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಜ್ಪೆಯಿಂದ ದುಬೈಗೆ ಒಂದು ಟಿಕೆಟ್, ಅಲ್ಲಿಂದ ಮ್ಯಾಂಚೆಸ್ಟರ್‌ಗೆ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ಮಾಡಿದರೆ ಅಗ್ಗ ಕಾಣುತ್ತದೆ. ಆದರೆ ಲಗೇಜ್ ನೇರ ಹೋಗುವುದಿಲ್ಲ. ಅದನ್ನು ತೆಗೆದುಕೊಳ್ಳಲು ದುಬೈಯಲ್ಲಿ ಇಮಿಗ್ರೇಶನ್ ದಾಟಬೇಕು, ಅಲ್ಲಿಯ ವೀಸಾ ಬೇಕು. ಒಂದೇ ಟಿಕೆಟ್ ಮಾಡಿ.

ಏಜೆನ್ಸಿ ಕೊಟ್ಟ ಹೋಟೆಲ್ ಬಗ್ಗೆ ನನಗೆ ತಕರಾರು ಉಂಟು. ಪ್ಯಾಕೇಜಿನಲ್ಲಿ 'ಮ್ಯಾಂಚೆಸ್ಟರ್, 4 ಸ್ಟಾರ್' ಅಂತ ಇತ್ತು. ಹೋಗಿ ನೋಡಿದರೆ ಏರ್‌ಪೋರ್ಟ್ ಪಕ್ಕ. ಊರೊಳಗೆ ಬರಬೇಕಾದರೆ ಪ್ರತಿ ಸಲ ರೈಲು, ರಾತ್ರಿ ಮ್ಯಾಚ್ ಮುಗಿಸಿ ಮತ್ತೆ ರೈಲು. ಹೋಟೆಲಿನ ಹೆಸರು ಕೇಳಿ, ಮ್ಯಾಪ್‌ನಲ್ಲಿ ನೋಡಿ, ಊರ ನಡುವಿನ ಪಿಕಾಡಿಲಿ ಸ್ಟೇಷನ್ ಹತ್ತಿರ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಮ್ಯಾಚಿನ ದಿನ. ಈಗ ಟಿಕೆಟ್ ಮೊಬೈಲಿನಲ್ಲೇ ಬರುತ್ತದೆ, ಗೇಟಿನಲ್ಲಿ ಫೋನ್ ಮುಟ್ಟಿಸಿ ಒಳಗೆ ಹೋಗಬೇಕು. ಹೋಟೆಲಿನ ವೈಫೈನಲ್ಲೇ ಅದನ್ನು ಫೋನಿಗೆ ಇಳಿಸಿಕೊಳ್ಳಿ. ಸ್ಟೇಡಿಯಂ ಹತ್ತಿರ ಅಷ್ಟು ಜನರ ನಡುವೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಅಳತೆ ಕ್ಲಬ್ ಸೈಟಿನಲ್ಲಿ ಉಂಟು. ಸೀಟಿನಲ್ಲಿ ಕೊಡೆ ಬಿಚ್ಚುವ ಹಾಗಿಲ್ಲ, ಟೋಪಿ ಇರುವ ರೇನ್‌ಕೋಟ್ ಒಯ್ಯಿರಿ. ನಾವು ಮಂಗಳೂರಿನ ಮಳೆ ಕಂಡವರು, ಅಲ್ಲಿಯ ಮಳೆ ಏನು ಮಹಾ ಅನ್ನಿಸಬಹುದು. ಮಳೆ ಅಲ್ಲ ಮಾರಾಯ್ರೆ, ಚಳಿ! ಆನ್‌ಫೀಲ್ಡ್‌ನಲ್ಲಿ ಮೊದಲ ಅರ್ಧ ಮುಗಿಯುವಾಗ ನನ್ನ ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಾಲಿಗೆ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿ.

ಜೆರ್ಸಿ ವಿಷಯದಲ್ಲಿ ಹುಷಾರು. ಹಾಸ್ಪಿಟಾಲಿಟಿ ಸೀಟುಗಳೆಲ್ಲ ಊರಿನ ತಂಡದ ಅಭಿಮಾನಿಗಳ ಕಡೆಯೇ ಇರುತ್ತವೆ. ಅಲ್ಲಿ ಎದುರಾಳಿ ತಂಡದ ಜೆರ್ಸಿ ಹಾಕಿದರೆ, ಅವರು ಗೋಲು ಹೊಡೆದಾಗ ಎದ್ದು ಕುಣಿದರೆ ಸೆಕ್ಯುರಿಟಿಯವರು ಹೊರಗೆ ಕಳುಹಿಸುತ್ತಾರೆ. ಭಾವ ಆನ್‌ಫೀಲ್ಡ್‌ನಲ್ಲಿ ಬೂದು ಬಣ್ಣದ ಸ್ವೆಟರ್ ಹಾಕಿ, ಕೈಕಟ್ಟಿ, ಬ್ಯಾಂಕ್ ಆಡಿಟ್‌ಗೆ ಬಂದವರ ಮುಖ ಮಾಡಿ ಕೂತಿದ್ದರು. ಬಿಯರ್ ಕುಡಿಯುವವರಿಗೆ: ಮೈದಾನ ಕಾಣುವ ಜಾಗದಲ್ಲಿ ಕುಡಿಯುವ ಹಾಗಿಲ್ಲ, 1985ರಿಂದ ಕಾನೂನು. ಅರ್ಧ ಸಮಯದಲ್ಲಿ ಸ್ಟ್ಯಾಂಡಿನ ಕೆಳಗೆ ಎಲ್ಲರೂ ಗಟಗಟ ಕುಡಿದು ಓಡಿ ಬರುತ್ತಾರೆ. ಲೌಂಜಿನ ಊಟಕ್ಕೆ ಸಸ್ಯಾಹಾರಿಗಳಾದರೆ ಒಂದು ವಾರ ಮುಂಚೆಯೇ ತಿಳಿಸಿ.

ಸ್ವಲ್ಪ ಬೇಗ ಹೋಗಿ. ಆನ್‌ಫೀಲ್ಡ್ ಹೊರಗೆ 1989ರಲ್ಲಿ ಹಿಲ್ಸ್‌ಬರೊ ಸ್ಟೇಡಿಯಮ್ಮಿನ ನೂಕುನುಗ್ಗಲಿನಲ್ಲಿ ತೀರಿಕೊಂಡ 97 ಲಿವರ್‌ಪೂಲ್ ಅಭಿಮಾನಿಗಳ ಹೆಸರು ಕೆತ್ತಿದ ಸ್ಮಾರಕ ಇದೆ. ಓಲ್ಡ್ ಟ್ರಾಫರ್ಡ್ ಗೋಡೆಯಲ್ಲಿ 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಯುನೈಟೆಡ್ ತಂಡದ ವಿಮಾನ ಅಪಘಾತ ಆದದ್ದರ ನೆನಪಿನ ಗಡಿಯಾರ ಇದೆ. ಮಗ ಎರಡೂ ಕಡೆ ತಾನಾಗಿಯೇ ಫೋನ್ ಜೇಬಿಗೆ ಹಾಕಿದ. ಓಲ್ಡ್ ಟ್ರಾಫರ್ಡ್‌ಗೆ ಟ್ರಾಮ್ ಇದೆ, ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹತ್ತಬಹುದು, ಇಳಿಯುವಾಗಲೂ ಮುಟ್ಟಿಸಬೇಕು. ರಾತ್ರಿ ಊಟಕ್ಕೆ ಮ್ಯಾಂಚೆಸ್ಟರ್‌ನ ರಶೋಮ್‌ನಲ್ಲಿರುವ ಕರಿ ಮೈಲ್, ನಮ್ಮ ಕಡೆಯ ಅಡುಗೆಯ ಹೋಟೆಲುಗಳ ಬೀದಿ. ಗಂಜಿ ಊಟ ಸಿಗುವುದಿಲ್ಲ, ಅನ್ನ, ದಾಲ್ ಸಿಗುತ್ತದೆ.

ಹಣದ ಲೆಕ್ಕ. ಏಜೆನ್ಸಿ ಬಿಲ್‌ನಲ್ಲಿ ಮ್ಯಾಚ್ ಟಿಕೆಟ್, ಹೋಟೆಲ್, ಜಿಎಸ್‌ಟಿ, ಟಿಸಿಎಸ್ ಎಲ್ಲ ಬೇರೆ ಬೇರೆ ಬರೆಸಿ. ವಿದೇಶ ಪ್ಯಾಕೇಜಿಗೆ ಕಟ್ಟುವ ಟಿಸಿಎಸ್ (ಏಜೆನ್ಸಿಯವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಳೆದುಹೋದ ಹಣ ಅಲ್ಲ. ನಿಮ್ಮ ಪ್ಯಾನ್ ನಂಬರ್‌ಗೆ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಾ ಬಂದಿದೆ, ಹೋಗುವ ವರ್ಷದ್ದು ಕೇಳಿಕೊಳ್ಳಿ. ಏಜೆನ್ಸಿ ಕೈಕೊಟ್ಟರೆ ಅವರ ಕಚೇರಿ ಮುಂಬೈಯಲ್ಲಿ ಅಂತ ಕೈಚೆಲ್ಲಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೇ ಈ ಬಿಲ್, ಇಮೇಲ್‌ಗಳೆಲ್ಲ ಬೇಕಾಗುವುದು.

ಇಷ್ಟೆಲ್ಲ ಖರ್ಚು ಬೇಡ, ಫುಟ್‌ಬಾಲ್ ನೋಡಿದರೆ ಸಾಕು ಅನ್ನುವವರಿಗೆ ದೊಡ್ಡ ಕ್ಲಬ್ಬೇ ಆಗಬೇಕೆಂದಿಲ್ಲ ಅಲ್ವಾ? ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಹತ್ತು ನಿಮಿಷ ಹೋದರೆ ಸ್ಟಾಕ್‌ಪೋರ್ಟ್. ಅಲ್ಲಿಯ ಎಡ್ಜ್‌ಲಿ ಪಾರ್ಕ್ ಸುಮಾರು ಹತ್ತು ಸಾವಿರ ಜನ ಹಿಡಿಸುವ ಮೈದಾನ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಟಿಕೆಟ್ ನಾವೇ ಕ್ಲಬ್ ಸೈಟಿನಲ್ಲಿ ತೆಗೆದುಕೊಂಡೆವು, ಏಜೆನ್ಸಿಯ ಹಂಗಿಲ್ಲ. ಪಕ್ಕದ ಸೀಟಿನ ಅಜ್ಜ ಪೂರ್ತಿ ಮ್ಯಾಚ್ ತನ್ನ ತಂಡಕ್ಕೇ ಬೈಯುತ್ತಾ ಇದ್ದರು, ಭಾವನಿಗೆ ಅವರ ಜೊತೆ ಒಳ್ಳೆ ದೋಸ್ತಿ ಆಯಿತು. ಮಹಿಳೆಯರ ಸೂಪರ್ ಲೀಗ್ ಟಿಕೆಟ್ ಕೂಡ ಸುಲಭವಾಗಿ ಸಿಗುತ್ತದೆ.

ಮಗ ಈಗ ಜರ್ಮನಿಯ ಡಾರ್ಟ್‌ಮಂಡ್ ಅಂತ ಶುರು ಮಾಡಿದ್ದಾನೆ. ಒಂದೇ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ನಿಂತು ನೋಡುವ ಜಾಗ ಅದು. ಆ ಕಡೆ ಹೊರಡುವವರಿಗೆ ಬೇಕಾದದ್ದು ಷೆಂಗೆನ್ ವೀಸಾ. ಅದಕ್ಕೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಜರ್ಮನಿಯಲ್ಲಿ ಮ್ಯಾಚ್ ಟಿಕೆಟ್ ತೋರಿಸಿದರೆ ಬಹಳ ಊರುಗಳಲ್ಲಿ ಆ ದಿನದ ಬಸ್ಸು, ಟ್ರಾಮ್ ಫ್ರೀ. ಬುಕ್ ಮಾಡುವಾಗ ಅದನ್ನೂ ಕೇಳಿಕೊಳ್ಳಿ.